ಇಳಿಸಿಕೊಳ್ಳದೆ ಬಿಟ್ಟ ಬಂಡಲ್

ಆ ಸಿನಿಮಾವನ್ನು ನಾನು ಒಂಬತ್ತು ಸಲ ನೋಡಿದ್ದೇನೆ. ಗಂಗಾವತಿಯ ಟಾಕೀಸಿನಲ್ಲಿ ಏಳು ಸಲ, ಆಮೇಲೆ ಅದು ಕೊಪ್ಪಳಕ್ಕೆ ಬಂದಾಗ ಎರಡು ಸಲ. ಇಬ್ಬರು ಪತ್ರಕರ್ತರ ಕಥೆ. ಒಬ್ಬನಿಗೆ ವಯಸ್ಸಾಗಿದೆ, ದಪ್ಪ ಕನ್ನಡಕ, ಮಾತು ಕಡಿಮೆ. ಇನ್ನೊಬ್ಬ ಎಳೆಯ, ಸಿಟ್ಟು ಮೂಗಿನ ಮೇಲೆ. ಸರ್ಕಾರಿ ಆಸ್ಪತ್ರೆಗಳಿಗೆ ಕೆಟ್ಟ ಔಷಧಿ ಕೊಂಡು, ಸತ್ತವರ ಲೆಕ್ಕವನ್ನು ಮುಚ್ಚಿಟ್ಟ ಒಬ್ಬ ಮಂತ್ರಿಯನ್ನು ಅವರಿಬ್ಬರು ಬಯಲಿಗೆ ಎಳೆಯುತ್ತಾರೆ. ನಡುವೆ ಒಬ್ಬ ಗುಮಾಸ್ತ ಬರುತ್ತಾನೆ. ಮುಚ್ಚಿಟ್ಟ ಲೆಕ್ಕದ ಕಾಗದ ಅವನ ಕೈಯಲ್ಲಿದೆ, ಕೊಡಲು ಹೆದರಿಕೆ. ಎರಡು ಸಲ ಬಾಗಿಲ ತನಕ ಬಂದು ತಿರುಗಿ ಹೋಗುತ್ತಾನೆ. ಆ ಜಾಗ ಬಂದಾಗಲೆಲ್ಲ ನಾನು ಕುರ್ಚಿಯ ತುದಿಗೆ ಬಂದು, "ಕೊಡೋ ಹೇಡಿ, ಕೊಡೋ" ಎಂದು ಗೊಣಗುತ್ತಿದ್ದೆ. ಏಳನೆಯ ಸಲವೂ ಗೊಣಗಿದ್ದೆ. ಅವನು ಕೊಡುತ್ತಾನೆಂದು ಗೊತ್ತಿದ್ದರೂ.

ಕೊನೆಯಲ್ಲಿ ಮುದ್ರಣದ ಯಂತ್ರ ತಿರುಗುತ್ತದೆ. ಹಸಿ ಮಸಿಯ ಪತ್ರಿಕೆ ಒಂದರ ಹಿಂದೆ ಒಂದು ಹೊರಗೆ ಬೀಳುತ್ತದೆ. ಮುಖಪುಟದ ತುಂಬ ಮಂತ್ರಿಯ ಸುದ್ದಿ. ಜನ ಎದ್ದು ನಿಂತು ಸೀಟಿ ಹೊಡೆಯುತ್ತಿದ್ದರು. ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ಮುದ್ರಣವಾದದ್ದು ಓದುವವರ ಮನೆಗೆ ಹೇಗೆ ಹೋಯಿತು ಎಂದು ಅದರಲ್ಲಿ ತೋರಿಸಿಲ್ಲ.

ನನ್ನ ಕೆಲಸ ಅಲ್ಲಿಂದ ಶುರುವಾಗುತ್ತಿತ್ತು. ನಾನು ಯಲಬುರ್ಗಾದಲ್ಲಿ ಪೇಪರ್ ಏಜೆಂಟನಾಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ, ಬೇರೆ ಯಾವ ನೌಕರಿಯೂ ಹತ್ತದೆ, ಬಸ್ ನಿಲ್ದಾಣದ ಪಕ್ಕ ಒಂದು ಗೂಡಂಗಡಿ ಹಾಕಿಕೊಂಡಿದ್ದೆ. ಊರಿನಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಕಡಿಮೆ, "ಏಜೆಂಟ್ರ" ಎಂದೇ ಕರೆಯುತ್ತಿದ್ದರು. ಬೆಳಗಿನ ಮೊದಲ ಬಸ್ಸಿನ ಮಾಳಿಗೆಯ ಮೇಲೆ ಬಂಡಲ್ ಬರುತ್ತಿತ್ತು. ಡ್ರೈವರು ಹಾರ್ನ್ ಹೊಡೆಯುತ್ತಿದ್ದ, ನಾನು ಏಣಿ ಹತ್ತಿ ಇಳಿಸಿಕೊಳ್ಳುತ್ತಿದ್ದೆ. ಬಿಚ್ಚಿ, ಎಣಿಸಿ, ಊರಿಗೆ ಹಂಚಿ, ಉಳಿದದ್ದನ್ನು ಹಳ್ಳಿಗಳಿಗೆ ಹೋಗುವ ಗಾಡಿಗಳಲ್ಲಿ ಕಳಿಸುತ್ತಿದ್ದೆ. ನಾನು ಇಳಿಸಿಕೊಳ್ಳದಿದ್ದರೆ ಆ ದಿನ ಯಲಬುರ್ಗಾಕ್ಕೆ ಪತ್ರಿಕೆ ಇಲ್ಲ. ಇದು ನನಗೆ ಹೆಮ್ಮೆಯ ವಿಷಯವಾಗಿತ್ತು, ಬಂದವರ ಮುಂದೆ ಹೇಳಿಕೊಳ್ಳುತ್ತಲೂ ಇದ್ದೆ.

ಆ ಸಿನಿಮಾವನ್ನು ನನಗೆ ಮೊದಲು ತೋರಿಸಿದವನು ನಮ್ಮ ಊರಿನ ಫೋಟೋ ಸ್ಟುಡಿಯೋದವನು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಮದುವೆ, ಸೀಮಂತದ ಫೋಟೋ ತೆಗೆಯುವುದು ಅವನ ಹೊಟ್ಟೆಪಾಡು, ಪತ್ರಿಕೆಗೆ ಸುದ್ದಿ ಬರೆಯುವುದು ಅವನ ಹುಚ್ಚು. ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿತ್ತು. ಹೊಸ ಕಚೇರಿಗಳು, ಹೊಸ ಸಾಹೇಬರು, ಅವರ ಬೆನ್ನಿಗೇ ನಾಲ್ಕು ಪುಟದ ಸಣ್ಣ ಸಣ್ಣ ದಿನಪತ್ರಿಕೆಗಳು. ಅಂಥ ಒಂದಕ್ಕೆ ಅವನು ವರದಿಗಾರ. ಸುದ್ದಿಯನ್ನು ಕೈಯಲ್ಲಿ ಬರೆದು, ಕವರಿಗೆ ಹಾಕಿ ನನ್ನ ಹತ್ತಿರ ತರುತ್ತಿದ್ದ. ನಾನು ಅದನ್ನು ಸಂಜೆಯ ಬಸ್ಸಿನ ಕಂಡಕ್ಟರನಿಗೆ ಕೊಡುತ್ತಿದ್ದೆ. ಬರೆದದ್ದು ನನ್ನ ಕೈಯಿಂದ ಹೋಗಿ, ಅಚ್ಚಾಗಿ, ಮತ್ತೆ ನನ್ನ ಕೈಗೇ ಬರುತ್ತಿತ್ತು. ಕವರಿಗೆ ಅವನು ಅಂಟು ಹಚ್ಚುತ್ತಿರಲಿಲ್ಲ.

"ಓದ್ರಿ ಅಣ್ಣಾರ, ಓದಿ ಕಳಸ್ರಿ. ನಮ್ಮ ಮೊದಲನೇ ಓದುಗರು ನೀವ" ಎನ್ನುತ್ತಿದ್ದ.

ಸಿನಿಮಾ ನೋಡಿ ಗಂಗಾವತಿಯಿಂದ ಬಸ್ಸಿನಲ್ಲಿ ಬರುವಾಗ ನಮ್ಮಿಬ್ಬರದು ಒಂದೇ ಜಗಳ. ದಪ್ಪ ಕನ್ನಡಕದವನು ದೊಡ್ಡವನೋ, ಸಿಟ್ಟಿನವನು ದೊಡ್ಡವನೋ.

"ನೀವು ಕನ್ನಡಕದವರು, ನಾ ಸಿಟ್ಟಿನಾವ" ಎಂದು ಅವನೇ ಒಂದು ದಿನ ತೀರ್ಮಾನ ಮಾಡಿದ.

"ನನಗ ಬರ್ಯಾಕ ಎಲ್ಲಿ ಬರತೈತೋ ತಮ್ಮಾ?"

"ಬರ್ಯಾಂವ ಒಬ್ಬ, ಮುಟ್ಸಾಂವ ಒಬ್ಬ. ಇಬ್ರೂ ಕೂಡಿದ್ರ ಪೇಪರ್ ಅಲ್ಲೇನ್ರಿ?"

ಆ ಮಾತು ಕೇಳಿ ನಾನು ಎಷ್ಟು ಉಬ್ಬಿದ್ದೆ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಒಂದು ಸಂಜೆ ಅವನು ತಂದ ಕವರು ದಪ್ಪವಾಗಿತ್ತು. ಒಳಗೆ ಫೋಟೋ ಇದ್ದವು. ಸುದ್ದಿ ನನ್ನ ಅಕ್ಕನನ್ನು ಕೊಟ್ಟ ಹಳ್ಳಿಯದು.

ಆ ಹಳ್ಳಿಯ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಅದರಿಂದ ಎಲುಬು ಕೆಡುತ್ತದೆ, ಕುಡಿಯಬಾರದು ಎಂದು ಪರೀಕ್ಷೆಯಲ್ಲಿ ಬಂದಿತ್ತು. ವರ್ಷದ ಹಿಂದೆ ಯಾರೋ ಬಂದು ಕೈಪಂಪಿಗೆ ಕೆಂಪು ಬಣ್ಣ ಹಚ್ಚಿ ಹೋಗಿದ್ದರು. ಕೆಂಪೆಂದರೆ ಕುಡಿಯಬೇಡಿ ಎಂದು ಅರ್ಥ. ಆದರೆ ಅದನ್ನು ಊರಿಗೆ ಹೇಳಿದವರಿಲ್ಲ. ಹೆಂಗಸರು ಕೆಂಪು ಬಣ್ಣ ನೋಡಿ ಒಳ್ಳೆಯದೇ ಆಯಿತು ಎಂದುಕೊಂಡು, ಪಂಪಿಗೆ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು. ನನ್ನ ಅಕ್ಕನೂ ಊದುಬತ್ತಿ ಹಚ್ಚಿದ್ದಳು. ಅದಾದ ಮೇಲೆ ಬೇರೆ ನೀರಿಗಾಗಿ ಟ್ಯಾಂಕು ಮಂಜೂರಾಯಿತು. ಟ್ಯಾಂಕು ಕಾಗದದ ಮೇಲೆ ಕಟ್ಟಿ ಮುಗಿಯಿತು, ನೆಲದ ಮೇಲೆ ಒಂದು ಕಲ್ಲೂ ಏಳಲಿಲ್ಲ. ದೊಡ್ಡ ಸಾಹೇಬರು ನೋಡಲು ಬರುತ್ತಾರೆಂದು ಗೊತ್ತಾದಾಗ ಕೆಂಪಿನ ಮೇಲೆ ನೀಲಿ ಬಣ್ಣ ಬಳಿದರು. ಫೋಟೋದಲ್ಲಿ ನೀಲಿ ಅಲ್ಲಲ್ಲಿ ಎದ್ದು, ಒಳಗಿನ ಕೆಂಪು ಕಾಣುತ್ತಿತ್ತು. ಪರೀಕ್ಷೆಯ ಕಾಗದದ ನಕಲೂ ಅವನಿಗೆ ಹೇಗೋ ಸಿಕ್ಕಿತ್ತು.

"ಸಾಹೇಬರು ಬರೋ ದಿನಾನ ಇದು ಅಚ್ಚಾಗಬೇಕ್ರಿ. ಹಿಂದಿನ ದಿನ ಬಂದ್ರ ಬರೋದ ಬಿಡ್ತಾರ, ಮರುದಿನ ಬಂದ್ರ ಯಾರೂ ಕೇಳಂಗಿಲ್ಲ" ಎಂದ. "ಜಾಸ್ತಿ ಪ್ರತಿ ಹೇಳೀನಿ. ನೀವು ಇಳಿಸಿಕೊಂಡ ಕೂಡ್ಲೆ ನಾ ಊರಿಗೆ ಒಯ್ತೀನಿ. ಓದಾಕ ಬರೋ ಪ್ರತಿಯೊಬ್ಬನ ಕೈಯಾಗ ಒಂದೊಂದು. ಅಲ್ಲೀತನಾ ಬಾಯಿ ಬಿಡಬ್ಯಾಡ್ರಿ, ನಿಮ್ಮ ಅಕ್ಕಾರಿಗೂ."

ನಾನು ಬಾಯಿ ಬಿಡುವುದಿಲ್ಲ ಎಂದೆ. ಮರುದಿನವೇ ಅಕ್ಕನ ಊರಿಗೆ ಹೋದೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳು ಅವಳೇ. ಭಾವ ತೀರಿಕೊಂಡ ಮೇಲೆ ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಇದ್ದಳು. ಹಿತ್ತಲಿಗೆ ಕರೆದುಕೊಂಡು ಹೋಗಿ, "ಅಕ್ಕಾ, ಇವತ್ತಿಂದ ಬೋರಿನ ನೀರು ಕುಡೀಬ್ಯಾಡ. ಹೊಲದ ಕಡೆ ಹಳೇ ಬಾವಿ ಐತಲ್ಲ, ಅಲ್ಲಿಂದ ತರಸು" ಎಂದೆ.

"ಯಾಕೋ? ಬೋರಿಗೆ ಏನಾಗೇತಿ?"

"ಈಗ ಕೇಳಬ್ಯಾಡ. ಮುಂದ ತಿಳಿತೈತಿ."

"ಅಷ್ಟು ದೂರಿಂದ ಹೊತ್ತರ ಮಂದಿ ಕೇಳ್ತಾರ. ಏನಂತ ಹೇಳ್ಲಿ?"

"ಹರಕಿ ಐತಿ ಅನ್ನು. ಬಾವಿ ನೀರ ಕುಡೀತೀನಂತ ದೇವರಿಗೆ ಬೇಡಿಕೊಂಡೀನಿ ಅನ್ನು."

ಅಕ್ಕ ನನ್ನ ಮುಖವನ್ನೇ ನೋಡಿದಳು. "ದೇವರ ಹೆಸರಿಲೆ ಸುಳ್ಳು ಹೇಳಸ್ತಿ" ಎಂದಳು. ಆದರೂ ಒಪ್ಪಿದಳು. ತಮ್ಮ ಓದಿದವನು, ಪೇಪರಿನವನು ಎಂಬ ನಂಬಿಕೆ ಅವಳಿಗಿತ್ತು.

ಸಾಹೇಬರು ಬರುವ ಹಿಂದಿನ ದಿನ ಮಧ್ಯಾಹ್ನ ಆ ಟ್ಯಾಂಕಿನ ಕಂತ್ರಾಟುದಾರ ನನ್ನ ಗೂಡಂಗಡಿಗೆ ಬಂದ. ದಿನಾ ಪೇಪರ್ ಕೊಳ್ಳುವವನೇ. ನನ್ನ ಅಂಗಡಿ ನಿಂತ ಜಾಗ ಅವನ ಅಳಿಯನದು. ಎರಡು ಚಹಾ ತರಿಸಿದ, ಒಂದನ್ನು ತಾನೇ ಎತ್ತಿ ನನ್ನ ಕೈಗೆ ಕೊಟ್ಟ.

"ಏನ್ರಿ ಏಜೆಂಟ್ರ, ಮುಖಾ ಭಾಳ ಬಾಡೇತಲ್ಲ. ದಿನಾ ಮೂಡಲ ಹರಿಯೂದ್ರಾಗ ಎದ್ದು ಏಣಿ ಹತ್ತತೀರಿ. ವಯಸ್ಸಾತು."

"ಕೆಲಸರಿ ಯಜಮಾನ್ರ."

"ನಾಳಿ ಒಂದಿನ ಮಲ್ಕೋರಿ. ಜ್ವರ ಬಂದಾವಂತ ಅನ್ರಿ. ಮನಷ್ಯಾಗ ಜ್ವರ ಬರೂದಿಲ್ಲೇನು?"

ಅವನು ಗೂಡಂಗಡಿಯ ಹಲಗೆಯನ್ನು ಕೈಯಿಂದ ತಟ್ಟಿ ನೋಡಿದ. "ಕಟಗಿ ಛಲೋ ಐತಿ. ಕಿತ್ತು ಬ್ಯಾರೆ ಕಡೆ ಹಾಕಿದ್ರೂ ಏನಾಗಂಗಿಲ್ಲ" ಎಂದು ನಕ್ಕು, ಚಹಾ ಮುಗಿಸಿ ಎದ್ದ. ದನಿ ಏರಿಸಲಿಲ್ಲ. ಒಂದು ಕೆಟ್ಟ ಮಾತು ಆಡಲಿಲ್ಲ. ಸುದ್ದಿಯ ಮಾತನ್ನಂತೂ ಎತ್ತಲೇ ಇಲ್ಲ. ಅವನಿಗೆ ಯಾರು ಹೇಳಿದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಹೇಳಿರಲಿಲ್ಲ. ಇದೊಂದನ್ನಾದರೂ ನಂಬಿರಿ.

ಬೆಳಗ್ಗೆ ಬಸ್ಸು ಬಂತು. ನಮ್ಮ ಮನೆ ನಿಲ್ದಾಣದ ಹಿಂದಿನ ಓಣಿಯಲ್ಲಿ. ನಾನು ಎಚ್ಚರವಾಗಿಯೇ ಇದ್ದೆ, ಕಂಬಳಿ ಹೊದ್ದುಕೊಂಡಿದ್ದೆ. ಡ್ರೈವರು ಹಾರ್ನ್ ಹೊಡೆದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊಡೆದ. ಹೆಂಡತಿ ಬಂದು, "ಏನ್ರಿ, ಬಸ್ ಬಂದೈತಿ, ಏಳ್ರಿ" ಎಂದಳು. ಮೈ ಸರಿಯಿಲ್ಲ ಎಂದೆ. "ನಾ ಹೋಗಿ ಇಳಿಸಿಕೊಂಡ ಬರ್ಲೇನು?" ಎಂದು ಕೇಳಿದಳು. ಅದೂ ಆಗುತ್ತಿತ್ತು. ಬೇಡ ಎಂದೆ. ಮೂರನೆಯ ಹಾರ್ನು ಉದ್ದವಾಗಿತ್ತು. ಆಮೇಲೆ ಬಸ್ಸು ಕುಷ್ಟಗಿಯ ದಾರಿ ಹಿಡಿದ ಸದ್ದು ಕೇಳಿಸಿತು. ಬಂಡಲ್ ಅದರ ಮಾಳಿಗೆಯ ಮೇಲೇ ಇತ್ತು.

ಬೇಕಾದರೆ ನಾನು ಆಗಲೂ ಏಳಬಹುದಿತ್ತು. ಮುಂದಿನ ಬಸ್ಸಿಗೆ ಕುಷ್ಟಗಿಗೆ ಹೋಗಬಹುದಿತ್ತು. ಕೈಕಾಲು ಆಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆಡುತ್ತಿದ್ದವು, ನಾನು ಆಡಿಸಲಿಲ್ಲ.

ಬಿಸಿಲು ಏರುವ ಮೊದಲು ಸ್ಟುಡಿಯೋದವನು ಬಂದ. ಹೆಂಡತಿ ಜ್ವರ ಎಂದಳು. ಅವನು ಒಳಗೇ ಬಂದು ನನ್ನ ಪಕ್ಕ ಕುಳಿತ.

"ಬಂಡಲ್ ಎಲ್ಲಿ ಅಣ್ಣಾರ?"

"ಗೊತ್ತಿಲ್ಲೋ ತಮ್ಮಾ. ನಾ ಎದ್ದಿಲ್ಲ."

ಅವನು ನನ್ನ ಹಣೆಯ ಮೇಲೆ ಕೈ ಇಟ್ಟ. ಅವಸರ ಮಾಡದೆ ಇಟ್ಟ. ಆಮೇಲೆ ತೆಗೆದು, "ತಣ್ಣಗೈತ್ರಿ" ಎಂದ. ಅಷ್ಟೇ. ಹೊರಗೆ ಅವನ ಮೊಪೆಡ್ ಎರಡು ಮೂರು ಸಲ ಒದ್ದ ಮೇಲೆ ಚಾಲೂ ಆಯಿತು.

ಕುಷ್ಟಗಿಗೆ ಹೋಗಿದ್ದನಂತೆ. ಅಷ್ಟರಲ್ಲಿ ಬಸ್ಸು ಮುಂದಕ್ಕೆ ಹೋಗಿತ್ತು, ಆ ಸಣ್ಣ ಪತ್ರಿಕೆ ಅಲ್ಲಿ ಬೇರೆ ಯಾರ ಹತ್ತಿರವೂ ಸಿಗುತ್ತಿರಲಿಲ್ಲ. ಅಲ್ಲಿಂದ ತಿರುಗಿ ಹಳ್ಳಿಗೆ ಬರುವಷ್ಟರಲ್ಲಿ ಸಾಹೇಬರ ಜೀಪು ಬಂದು ನಿಂತಿತ್ತು. ಶಾಲೆಯ ಹಿಂದಿನ ಹಳೆಯ ತೊಟ್ಟಿಗೆ ಸುಣ್ಣ ಬಳಿದು, ಅದನ್ನೇ ಹೊಸ ಟ್ಯಾಂಕೆಂದು ತೋರಿಸುತ್ತಿದ್ದರು. ಇವನು ಜನರ ನಡುವಿನಿಂದ ಎದ್ದು ನಿಂತು, ನೀರು ಕೆಟ್ಟಿದೆ, ಪತ್ರಿಕೆಯಲ್ಲಿ ಎಲ್ಲ ಬಂದಿದೆ ಎಂದು ಕೂಗಿದನಂತೆ. ಎಲ್ಲಿ ತೋರಿಸು ಎಂದರು ಸಾಹೇಬರು. ಇವನ ಕೈಯಲ್ಲಿ ಏನೂ ಇರಲಿಲ್ಲ. ಪರೀಕ್ಷೆಯ ಕಾಗದ, ಫೋಟೋ ಎಲ್ಲವೂ ಸುದ್ದಿಯ ಜೊತೆ ಹೋಗಿದ್ದವು. ಸಾಹೇಬರು ಊರವರನ್ನು ಕೇಳಿದರು. ಏನೂ ಗೊತ್ತಿಲ್ಲದ ಊರವರು, ನೀರು ಬರ್ತೈತ್ರಿ, ಛಲೋ ಐತ್ರಿ ಎಂದರು. ಸಾಹೇಬರು ಜೀಪಿನಲ್ಲಿ ತಂದಿದ್ದ ಬಾಟಲಿಯ ನೀರು ಕುಡಿದು ಹೊರಟರಂತೆ. ಇದನ್ನೆಲ್ಲ ನನಗೆ ಆಮೇಲೆ ಹೇಳಿದವಳು ಅಕ್ಕ.

ಬಂಡಲ್ ಮರುದಿನ ಅದೇ ಬಸ್ಸಿನಲ್ಲಿ ತಿರುಗಿ ಬಂತು. "ಎಲ್ಲಿ ಸತ್ತಿದ್ರಿ ನಿನ್ನೆ? ಮೂರು ಸಲ ಹಾರ್ನ್ ಹೊಡದೀವಿ" ಎಂದು ಕಂಡಕ್ಟರ್ ಬೈದ. ಅದನ್ನು ಆಗಲಾದರೂ ಹಳ್ಳಿಗೆ ಕಳಿಸಬಹುದಿತ್ತು. ನಾನು ಏಜೆಂಟರು ಮಾಡುವ ಕೆಲಸ ಮಾಡಿದೆ. ಮಾರದೆ ಉಳಿದ ಪತ್ರಿಕೆಯ ತಲೆಪಟ್ಟಿಯನ್ನು, ಅಂದರೆ ಹೆಸರು, ತಾರೀಖು ಇರುವ ಮೇಲಿನ ಪಟ್ಟಿಯನ್ನು ಮಾತ್ರ ಕತ್ತರಿಸಿ ಪತ್ರಿಕೆಯವರಿಗೆ ಕಳಿಸಬೇಕು. ಉಳಿದದ್ದು ರದ್ದಿಗೆ. ಹತ್ತು ಹತ್ತು ಪ್ರತಿ ಜೋಡಿಸಿ, ಸ್ಟೀಲಿನ ಪಟ್ಟಿ ಇಟ್ಟು ಬ್ಲೇಡಿನಿಂದ ಕೊಯ್ದೆ. ನಾಲ್ಕೂ ಪುಟಗಳ ತಲೆ ಒಟ್ಟಿಗೆ ಹೋದವು. ಮುಖಪುಟದಲ್ಲಿ ಅವನ ಸುದ್ದಿ ದೊಡ್ಡದಾಗಿ ಬಂದಿತ್ತು. ಪಂಪಿನ ಫೋಟೋ, ಅದರ ಕೆಳಗೆ ಪರೀಕ್ಷೆಯ ಕಾಗದ. ಒಂದನ್ನು ಮಡಚಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆನೋ. ಕೊಯ್ಯುವ ಮೊದಲು ಒಂದನ್ನು ತೆಗೆದಿಡಬೇಕೆಂದು ಮಾತ್ರ ಹೊಳೆಯಲಿಲ್ಲ. ಇಪ್ಪತ್ತು ವರ್ಷದ ರೂಢಿ, ಕೈ ತನ್ನಷ್ಟಕ್ಕೆ ತಾನೇ ಕೊಯ್ಯುತ್ತಾ ಹೋಯಿತು.

ಸ್ಟುಡಿಯೋ ಎರಡು ತಿಂಗಳಿಗೆ ಮುಚ್ಚಿತು. ಆ ಸಣ್ಣ ಪತ್ರಿಕೆಯೂ ಅದೇ ವರ್ಷ ನಿಂತಿತು. ಊರು ಬಿಡುವ ಮೊದಲು ಅವನು ಅಕ್ಕನ ಹಳ್ಳಿಗೆ ಹೋಗಿ, ಪಂಪಿನ ಹತ್ತಿರ ತೆಗೆದಿದ್ದ ಹೆಂಗಸರ ಫೋಟೋಗಳನ್ನು ಅವರವರಿಗೆ ಕೊಟ್ಟು ಬಂದನಂತೆ. ಅಕ್ಕನಿಗೆ ವಿಷಯ ಹೇಳಿದವನು ಅವನೇ. ನನ್ನ ಮೇಲೆ ದೂರು ಹೇಳಲಿಲ್ಲವಂತೆ, ನಿಮ್ಮ ತಮ್ಮನ ಹತ್ತಿರ ಪೇಪರ್ ಇದ್ದರೆ ಕೇಳಿ ಎಂದಷ್ಟೇ ಹೇಳಿದನಂತೆ.

ಸಂತೆಯ ದಿನ ಅಕ್ಕ ಗೂಡಂಗಡಿಯ ಮುಂದೆ ಬಂದು ನಿಂತಳು.

"ಹರಕಿ ಅಂದೆಲ್ಲೋ. ಇಡೀ ಊರು ವಿಷಾ ಕುಡ್ಯಾಕತ್ತೈತಂತ, ನನಗೊಬ್ಬಾಕಿಗೆ ಹರಕಿ ಹಚ್ಚಿದೇನು?"

"ಅಕ್ಕಾ, ಮೆಲ್ಲಕ."

"ಯಾಕ ಮೆಲ್ಲಕ? ಪೇಪರ್ ಎಲ್ಲೈತಿ, ಕೊಡು."

ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ. ಫೋಟೋ ನೋಡಿದಳು, ತಮ್ಮೂರ ಪಂಪು ಗುರುತು ಹತ್ತಿತು. "ನಡಿ. ನೀನ ಬಂದು ಹೇಳು" ಎಂದಳು. ಅಂಗಡಿ ಮುಚ್ಚಿ ಅವಳ ಹಿಂದೆ ಹೋದೆ. ನಾನು ಮಾಡಿದ ಒಂದು ಸರಿಯಾದ ಕೆಲಸ ಅದು, ಅದೂ ಅವಳು ಎಳೆದದ್ದಕ್ಕೆ.

ಹಳ್ಳಿಯ ಕಟ್ಟೆಯ ಮೇಲೆ ನಾಲ್ಕಾರು ಹಿರಿಯರು, ಪಂಚಾಯ್ತಿಯ ಮೆಂಬರೊಬ್ಬ ಕುಳಿತಿದ್ದರು. ಮೆಂಬರ್ ಪೇಪರ್ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿದ.

"ಯಾವ ಪೇಪರ್ರಿ ಇದು? ಹೆಸರಿಲ್ಲ. ತಾರೀಖಿಲ್ಲ. ತಲೀನ ಇಲ್ಲದ್ದು ತಂದೀರಿ?"

"ತಲಿ ನಾನ ಕೊಯ್ದೀನ್ರಿ. ರಿಟರ್ನ್ ಕಳಸಾಕ."

"ಕೊಯ್ದು ಮತ್ತ ನಮಗ ತೋರಸ್ತೀರಿ! ಲಗ್ನಪತ್ರಿಕಿ ಅಚ್ಚು ಹಾಕೋ ಅಂಗಡ್ಯಾಗ ರೊಕ್ಕಾ ಕೊಟ್ರ ಇಂಥಾವು ನೂರು ಮಾಡಿ ಕೊಡ್ತಾನ."

ಅಚ್ಚಾಗಿದ್ದು ಖರೆ, ನೀರು ಕೆಟ್ಟಿದ್ದೂ ಖರೆ ಎಂದು ನಾನು ಹೇಳುತ್ತಲೇ ಹೋದೆ. ಬಸ್ಸಿನ ವಿಷಯ, ಜ್ವರದ ವಿಷಯ, ಎಲ್ಲವನ್ನೂ ಅಲ್ಲೇ ಹೇಳಿದೆ. ಕಂತ್ರಾಟುದಾರನ ಹೆಸರು ಹೇಳುವಾಗ ಮಾತ್ರ ನಾಲಿಗೆ ತೊದಲಿತು. ಒಬ್ಬ ಹಿರಿಯ ನಕ್ಕ. "ಆವತ್ತು ನಿಮ್ಮ ಅಕ್ಕನ ಬಾಯಾಗ ಹರಕಿ ಅಂತ ಹೇಳಿಸಿದಿ. ಇವತ್ತು ಪೇಪರ್ ಅಂತಿ. ನಾಳಿ ಏನಂತಿಯಪಾ?"

ಅಕ್ಕನ ಪಕ್ಕದ ಮನೆಯ ಮುದುಕಿ ಮಾತ್ರ ನಗಲಿಲ್ಲ. ಅವಳು ನನ್ನನ್ನು ನಂಬಿದಳು. ನನಗೆ ಹೆಚ್ಚು ಕಷ್ಟವಾದದ್ದು ಅದರಿಂದಲೇ.

"ನಿಮ್ಮ ಅಕ್ಕಗ ಹೇಳಿದಿ. ನಡುವ ಒಂದ ಗ್ವಾಡಿ ಐತಿ. ನನ್ನ ಸೊಸಿ ಬಸುರಿ ಇದ್ಲು, ಆಕಿಗೆ ಹೇಳಾಕ ನಿನಗ ಏನಾಗಿತ್ತೋ ಎಪ್ಪಾ?"

ನಂಬಿದವರೂ ಏನು ಮಾಡಬೇಕಿತ್ತು? ಮರುದಿನ ಎಂಟು ಹತ್ತು ಮನೆಯವರು ಹಳೆಯ ಬಾವಿಗೆ ಹೋದರು. ವಾರದೊಳಗೆ ಬಾವಿಯ ತಳ ಕಂಡಿತು. ಒಂದು ಮನೆಗೆ ಸಾಲುವ ನೀರು ಊರಿಗೆ ಎಲ್ಲಿ ಸಾಲುತ್ತದೆ. ಬಾವಿಯ ದಂಡೆಯ ಮೇಲೆ ಕೊಡಕ್ಕೆ ಕೊಡ ತಾಗಿ ಜಗಳವಾಯಿತು. ಒಬ್ಬೊಬ್ಬರಾಗಿ ಮತ್ತೆ ಪಂಪಿಗೆ ಬಂದರು.

ನಾನು ಒಂದು ಅರ್ಜಿ ಬರೆದುಕೊಂಡು ಕೊಪ್ಪಳಕ್ಕೆ ಹೋದೆ. ಪೇಪರ್ ಲಗತ್ತಿಸಿದ್ದೆ. ಕಿಟಕಿಯಲ್ಲಿ ಕುಳಿತವನು, ದಿನಾಂಕವಿಲ್ಲದ ದಾಖಲೆ ನಡೆಯುವುದಿಲ್ಲ ಎಂದು ಹಿಂದೆ ಕೊಟ್ಟ. ಪತ್ರಿಕೆಯ ಕಚೇರಿ ಇದ್ದ ಜಾಗದಲ್ಲಿ ಸೈಕಲ್ ಅಂಗಡಿಯಾಗಿತ್ತು. ಸ್ಟುಡಿಯೋದವನು ಎಲ್ಲಿಗೆ ಹೋದನೆಂದು ಯಾರಿಗೂ ಗೊತ್ತಿರಲಿಲ್ಲ. ಆ ದಿನ ಕೊಪ್ಪಳದ ಗೋಡೆಯ ಮೇಲೆ ನಮ್ಮ ಸಿನಿಮಾದ ಪೋಸ್ಟರ್ ಇತ್ತು, ಹಳೆಯ ಸಿನಿಮಾ ಮತ್ತೆ ತಂದಿದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು, ಹೋಗಿ ಕುಳಿತೆ. ಅದೇ ಒಂಬತ್ತನೆಯ ಸಲ. ಗುಮಾಸ್ತ ಬಾಗಿಲ ತನಕ ಬಂದು ತಿರುಗಿ ಹೋದ. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವನು ಮೂರನೆಯ ಸಲ ಬರುವ ಮೊದಲೇ ಎದ್ದು ಹೊರಗೆ ಬಂದೆ.

ಅಕ್ಕನ ಊರಿಗೆ ಹೋಗಿ, "ನೀನಾದ್ರೂ ಬಾವಿ ನೀರ ಕುಡಿ. ಈಗ ಮಂದಿ ಬಿಟ್ಟಾರ, ನಿಮ್ಮ ಮನಿಗೆ ಸಾಲತೈತಿ" ಎಂದೆ. ಅಕ್ಕ ಕೊಡ ತೊಳೆಯುತ್ತಿದ್ದಳು.

"ಮೊಮ್ಮಕ್ಕಳಿಗೆ ತರಸ್ತೀನಿ. ಅವು ಸಣ್ಣವು" ಎಂದಳು. "ಪಕ್ಕದ ಮನಿ ಕೂಸಿಗೂ ಅದರಾಗ ಒಂದು ತಂಬಗಿ ಕೊಡ್ತೀನಿ. ನಾ ಒಲ್ಲೆ."

"ನೀ ಯಾಕ ಒಲ್ಲೆ?"

"ಊರಾಗಿನ ಹೆಂಗಸರು ನನ್ನ ಕಣ್ಣಾಗ ಕಣ್ಣಿಟ್ಟು ನೋಡ್ತಾರೋ. ಎಲ್ಲಾರೂ ಕುಡ್ಯೂದ ನಾನೂ ಕುಡೀತೀನಿ. ನೀ ಇನ್ನ ನನಗ ಏನೂ ಹೇಳಬ್ಯಾಡ."

ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಪಂಪಿಗೆ ಹೋದಳು. ನಾನು ಬಾಗಿಲಲ್ಲಿ ನಿಂತೇ ಇದ್ದೆ.

ಅದಾಗಿ ಬಹಳ ವರ್ಷಗಳಾದವು. ಪೇಪರಿನ ಕೆಲಸ ಬಿಟ್ಟೆ. ಆ ಹಳ್ಳಿಗೆ ನದಿಯ ನೀರಿನ ಪೈಪು ಬಂದಿದೆ. ಒಂದು ವಾರ ಬಂದರೆ ಎರಡು ವಾರ ಇಲ್ಲ. ಅಕ್ಕನ ಬೆನ್ನು ಬಾಗಿದೆ, ಮೊಣಕಾಲು ಮಡಚುವುದಿಲ್ಲ. ವಯಸ್ಸಿನದು ಎನ್ನುತ್ತಾಳೆ. ಇರಬಹುದು. ನೀರಿನದಲ್ಲ ಎಂದು ಹೇಳುವ ಡಾಕ್ಟರನ್ನು ಹುಡುಕಿಕೊಂಡು ಅವಳನ್ನು ಗಂಗಾವತಿಗೆ, ಕೊಪ್ಪಳಕ್ಕೆ ಕರೆದುಕೊಂಡು ಹೋದೆ. ಯಾರೂ ಹಾಗೆ ಹೇಳಲಿಲ್ಲ.

ಕಳೆದ ತಿಂಗಳು ಹೋಗಿದ್ದೆ. ಬಿಸಿಲಲ್ಲಿ ನಡೆದು ಹೋಗಿದ್ದಕ್ಕೆ ಬಾಯಿ ಒಣಗಿತ್ತು. ಅಕ್ಕ ಗೋಡೆ ಹಿಡಿದು ಎದ್ದು, ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ಪೈಪಿನದೋ, ಪಂಪಿನದೋ ಎಂದು ಕೇಳುವ ಬಾಯಿ ನನಗಿರಲಿಲ್ಲ. ಅವಳು ನೋಡುತ್ತಾ ನಿಂತಿದ್ದಳು. ಕುಡಿದು ತಂಬಿಗೆ ತಿರುಗಿ ಕೊಟ್ಟೆ.

"ಇನ್ನೊಂದೀಟು ತರ್ಲೇನೋ?" ಎಂದಳು.

ತಾ ಎಂದೆ.